ಕಟ್ಟೆಯ ಮೇಲೆ ಎರಡು ಮೊಳ ಜಾಗ

ಎಳ್ಳಮಾವಾಸ್ಯೆಗೆ ಇನ್ನೂ ಒಂದು ತಿಂಗಳು ಇರುವಾಗಲೇ ರಾಮಲಿಂಗ ಊಟಕ್ಕೆ ಕುಳಿತವನು ತಾಟಿನಿಂದ ತಲೆ ಎತ್ತದೆ ಆ ಮಾತು ಆಡಿದ.

“ಯವ್ವಾ, ಈ ಸಲ ಅಮಾಸಿ ರೊಟ್ಟಿ ಬಡದು ಮಾರೋ ಸಾಯಬಮ್ಮನ ಕಡಿಂದ ತರಸ್ತೀನಿ. ನೂರು ಸಜ್ಜಿ ರೊಟ್ಟಿ, ನೂರು ಜ್ವಾಳದ್ದು. ಮಾತಾಡಿ ಬಂದೀನಿ.”

ಮಲ್ಲಾಬಾಯಿ ಮಗನ ತಾಟಿಗೆ ಪುಂಡಿಪಲ್ಯ ಹಾಕಲು ಬಗ್ಗಿದ್ದವಳು ಸೌಟು ಹಿಡಿದುಕೊಂಡು ಹಾಗೇ ನಿಂತಳು. ದೇವಾಪುರದ ತಮ್ಮ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವ ದಿನ ಆ ಮನೆಯ ರೊಟ್ಟಿ ಹೊರಗಿನಿಂದ ಬಂದದ್ದು ಅವಳಿಗೆ ನೆನಪಿಲ್ಲ. ಅವಳಿಗೆ ನೆನಪಿಲ್ಲ ಅಂದರೆ ಆಗಿಲ್ಲ ಎಂದೇ ಅರ್ಥ. ಯಾವ ವರ್ಷ ಯಾರು ಎಷ್ಟು ರೊಟ್ಟಿ ತಿಂದರು ಎಂಬುದೂ ಅವಳಿಗೆ ಗೊತ್ತು. ಈ ಮಗ ಹೊಟ್ಟೆಯಲ್ಲಿದ್ದ ವರ್ಷವೂ ಎಂಟು ತಿಂಗಳ ಬಸುರಿ ಒಲೆಯ ಮುಂದೆ ಕುಳಿತು ಸೇರುಗಟ್ಟಲೆ ಹಿಟ್ಟು ಬಡಿದಿದ್ದಳು.

“ಯಾಕ, ನಾ ಸತ್ತೀನೇನು?” ಅಂದಳು.

“ಸಾಯೋ ಮಾತ್ಯಾಕ? ಮೊಣಕಾಲಿನ ಮಾತಾಡಾಕತ್ತೀನಿ. ಯಾದಗಿರಿ ಡಾಕ್ಟ್ರು ಏನಂದಾರ? ನೆಲಕ್ಕ ಕೂತ್ರ ಆಪರೇಷನ್ನೇ ಅಂದಾರ.”

ಅದು ಖರೆ. ದಸರೆಯಿಂದ ಈಚೆಗೆ ಮಲ್ಲಾಬಾಯಿ ನೆಲಕ್ಕೆ ಕುಳಿತಿರಲಿಲ್ಲ. ಅಂದಿನಿಂದ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತ್ತು. ಸೊಸೆ ಭುವನೇಶ್ವರಿ ಸೈದಾಪುರದ ಕಡೆಯವಳು, ಬೋನಾಳದ ಸಾಲೆಯಲ್ಲಿ ಟೀಚರು. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಚಪಾತಿ ಲಟ್ಟಿಸಿ ಹೋಗುತ್ತಿದ್ದಳು. ರೊಟ್ಟಿ ಬಡಿಯಲು ಅವಳಿಗೆ ಬರುತ್ತಿರಲಿಲ್ಲ. ಪುಂಡಿಪಲ್ಯಕ್ಕೆ ಚಪಾತಿ ಹಚ್ಚಿ ತಿನ್ನುವಾಗಲೆಲ್ಲ ಮಲ್ಲಾಬಾಯಿಯ ಗಂಡ ಅಯ್ಯಣ್ಣ ಒಂದು ನಿಟ್ಟುಸಿರು ಬಿಡುತ್ತಿದ್ದ.

“ಕಾಲು ಹೋಗ್ಯಾವ, ಕೈ ಹೋಗಿಲ್ಲ” ಅಂದಳು ಮಲ್ಲಾಬಾಯಿ. “ನಿಂತು ಬಡೀತೀನಿ. ಗ್ಯಾಸಿನ ಕಟ್ಟಿ ಮ್ಯಾಲ.”

ಎಲ್ಲರೂ ಒಮ್ಮೆಲೇ ತಿರುಗಿ ಕಟ್ಟೆಯನ್ನು ನೋಡಿದರು.

ಮೂರು ವರ್ಷದ ಹಿಂದೆ ಹೊಸ ಅಡಿಗೆಮನೆ ಕಟ್ಟಿಸಿದಾಗ ಏಳು ಫೂಟು ಉದ್ದದ ಕರಿ ಗ್ರಾನೈಟು ಹಾಕಿಸಿದ್ದರು. ಈಗ ಅದರ ಮೇಲೆ ಅಂಗೈ ಊರಲು ಜಾಗ ಇರಲಿಲ್ಲ. ಮಿಕ್ಸರು, ನೀರಿನ ಫಿಲ್ಟರು, ಭುವನೇಶ್ವರಿಯ ಮೂರು ಟಿಫಿನ್ ಡಬ್ಬಿ, ಅವಳು ತಿದ್ದಬೇಕಾದ ಹುಡುಗರ ನೋಟಬುಕ್ಕು, ರಾಮಲಿಂಗನ ಹೆಲ್ಮೆಟ್ಟು, ಅಯ್ಯಣ್ಣನ ಎಲೆ ಅಡಿಕೆಯ ಚಂಚಿ ಮತ್ತು ಬಿ.ಪಿ. ಗುಳಿಗೆ, ಮೊಮ್ಮಗಳು ಅನುರಾಧಾಳ ಫೋನಿನ ಚಾರ್ಜರು. ಗೋಡೆಯ ಉದ್ದಕ್ಕೆ ಖಾಲಿ ಬಾಟಲಿಗಳ ಸಾಲು. ಬಲಗಡೆಯ ಅರ್ಧ ಕಟ್ಟೆಯ ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದ್ದು ಗೋಪುರದ ಹಾಗೆ ನಿಂತ ಸ್ಟೀಲ್ ಸಾಮಾನು. ಕೆಳಗೊಂದು ದೊಡ್ಡ ಡಬರಿ, ಅದರ ಹೊಟ್ಟೆಯಲ್ಲಿ ಸಾಲು ಬೋಗೋಣಿ, ಮೇಲೆ ಮುಚ್ಚಳಗಳು.

“ಎಲ್ಲಿ ಬಡೀತಿ ಆಯಿ?” ಅಂದಳು ಅನುರಾಧಾ. “ಹೆಲ್ಮೆಟ್ಟಿನ ಮ್ಯಾಲ?”

ಅಯ್ಯಣ್ಣ ನಕ್ಕುಬಿಟ್ಟ. ರಾಮಲಿಂಗನಿಗೂ ನಗು ಬಂತು. ಅವನು ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ; ದಿನವೂ ರೈತರ ತಕರಾರು ಬಗೆಹರಿಸಿ ಬರುವವನು. ಇದನ್ನೂ ಹಾಗೇ ಬಗೆಹರಿಸಿದ. “ಆತು ಯವ್ವಾ. ಅಮಾಸಿಗೆ ಎಂಟು ದಿನ ಮೊದಲ ಐತವಾರ ಬರ್ತದ. ಅವತ್ತು ಸಾಯಬಮ್ಮಗ ಪಕ್ಕಾ ಹೇಳಬೇಕು. ಅಷ್ಟರಾಗ ನೀ ನಿಂತು ಹತ್ತು ರೊಟ್ಟಿ ಬಡದು ತೋರ್ಸು. ತೋರ್ಸಿದ್ರ ಸಾಯಬಮ್ಮ ಬ್ಯಾಡ. ಇಲ್ಲಂದ್ರ ನೀ ಕುರ್ಚಿ ಮ್ಯಾಲ ಕೂತು ಆಕಿ ರೊಟ್ಟಿ ತಿನ್ನು.”

“ತೋರ್ಸತೀನಿ” ಅಂದಳು ಮಲ್ಲಾಬಾಯಿ. ಅವತ್ತು ಅವಳಿಗೆ ಊಟ ಸೇರಲಿಲ್ಲ. ಈ ವರ್ಷ ಹೊರಗಿನ ರೊಟ್ಟಿ ಬಂದರೆ ಬರುವ ವರ್ಷ ಯಾರೂ ಕೇಳುವುದಿಲ್ಲ, ಸುಮ್ಮನೆ ತಂದುಬಿಡುತ್ತಾರೆ ಎಂದು ಅವಳಿಗೆ ತಿಳಿದಿತ್ತು. ಹೊಲದ ಮೊದಲ ತುತ್ತಿನಿಂದ ಅವಳ ಕೈ ಒಮ್ಮೆ ಹಿಂದೆ ಸರಿದರೆ ಮತ್ತೆ ಮುಂದೆ ಬರುವುದಿಲ್ಲ.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ಅವಳು ಕಟ್ಟೆ ಖಾಲಿ ಮಾಡಿದಳು. ಗೋಪುರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಎತ್ತಿ ಎತ್ತಿ ಎಲ್ಲೆಲ್ಲೋ ಇಟ್ಟಳು. ಒದ್ದೆ ಅರಿವೆಯಿಂದ ಒರೆಸಿದಾಗ ಕರಿ ಕಲ್ಲಿನಲ್ಲಿ ತನ್ನ ಮುಖ ಕಂಡಿತು. ಸಂಜೆ ದೀಪ ಹಚ್ಚಿ ಬಂದು ನೋಡುತ್ತಾಳೆ, ಹೆಲ್ಮೆಟ್ಟು ಬಂದು ಕುಳಿತಿತ್ತು. ಅದರ ಪಕ್ಕಕ್ಕೆ ಚಂಚಿ. ಚಂಚಿಯ ಪಕ್ಕಕ್ಕೆ ನೋಟಬುಕ್ಕು, ಕೀಲಿ. ಅವನ್ನೂ ಮತ್ತೆ ಎತ್ತಿ ಎಲ್ಲೆಲ್ಲೋ ಇಟ್ಟಳು.

ಮೂರನೆಯ ದಿನ ಬೆಳಗ್ಗೆ ಭುವನೇಶ್ವರಿ ಅಡಿಗೆಮನೆಯಲ್ಲಿ ಸುತ್ತು ಹಾಕತೊಡಗಿದಳು.

“ಅತ್ತಿ, ಸಾಲಿ ಕೀಲಿ ಇಲ್ಲೇ ಕಟ್ಟಿ ಮ್ಯಾಲ ಇಟ್ಟಿದ್ದೆರಿ.”

“ತಗದು ಇಟ್ಟೀನಿ.”

“ಎಲ್ಲಿ ಇಟ್ಟೀರಿ?”

ಮಲ್ಲಾಬಾಯಿ ಯೋಚಿಸಿದಳು. ನಲವತ್ತು ವರ್ಷದ ಹಿಂದಿನದೆಲ್ಲ ನೆನಪಿದ್ದವಳಿಗೆ ನಿನ್ನೆಯ ಕೀಲಿ ನೆನಪಾಗಲಿಲ್ಲ. ಕೊನೆಗೆ ಅದು ಹುಣಸೆಹಣ್ಣಿನ ಡಬ್ಬಿಯಲ್ಲಿ ಸಿಕ್ಕಾಗ ಬೋನಾಳದ ಬಸ್ಸು ಹೋಗಿಬಿಟ್ಟಿತ್ತು.

“ನೂರಿಪ್ಪತ್ತು ಹುಡುಗ್ರು ಸಾಲಿ ಬಾಗಿಲ ಮುಂದ ನಿಂತಾರ” ಅಂದಳು ಭುವನೇಶ್ವರಿ. “ಜಾಗ ಬೇಕಂದ್ರ ಹೇಳ್ರಿ. ಹೇಳದ ಮುಚ್ಚಿ ಇಟ್ರ ನಾನು ಹೆಂಗ ಬದುಕ್ಲಿ?”

“ನೀನು ಹೇಳದ ಇಡ್ತಿ, ನಾನು ಹೇಳದ ತಗೀತೀನಿ.”

“ನಾ ಇಡೋದು ಕೈಗೆ ಸಿಗಲಿ ಅಂತರಿ. ಮುಂಜಾನಿ ಎರಡು ಕೈ ಸಾಲಂಗಿಲ್ಲ ನನಗ.”

“ನನಗ ಎರಡು ಕೈ ಅವ, ಇಡಾಕ ಜಾಗ ಇಲ್ಲ.”

ರಾಮಲಿಂಗ ಬೈಕು ಹೊರಗೆ ತಂದು ಹೆಂಡತಿಯನ್ನು ಬೋನಾಳಕ್ಕೆ ಬಿಟ್ಟು ಬಂದ. ಅವತ್ತು ಅವನೂ ಮಿಲ್ಲಿಗೆ ತಡವಾಗಿ ಹೋದ. ಆಮೇಲೆ ಅತ್ತೆ ಸೊಸೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಅನುರಾಧಾಳ ಮೂಲಕ ಕೇಳುತ್ತಿದ್ದರು. “ನಿಮ್ಮವ್ವಗ ಹೇಳು”, “ನಿಮ್ಮ ಆಯಿಗೆ ಹೇಳು” ಎಂಬ ಓಡಾಟದಲ್ಲಿ ಹುಡುಗಿ ಹೈರಾಣಾದಳು. ಎರಡು ದಿನ ಸಹಿಸಿ, ಮೂರನೆಯ ದಿನ ಒಂದು ಬಿದಿರಿನ ಬುಟ್ಟಿ ತಂದು ಬಾಗಿಲ ಬದಿಗೆ ಇಟ್ಟಳು. ಪಿಯುಸಿ ಎರಡನೇ ವರ್ಷದವಳು, ಕಾಲೇಜಿನಲ್ಲಿ ಲೀಡರು; ನಿಂತು ಭಾಷಣದ ಹಾಗೆ ಹೇಳಿದಳು.

“ಕೇಳ್ರಿ ಎಲ್ಲಾರೂ. ದೀಪ ಹಚ್ಚಿದ ಮ್ಯಾಲ ಕಟ್ಟಿ ಮ್ಯಾಲ ಯಾರ ಸಾಮಾನು ಸಿಗ್ತದ, ಅದು ಈ ಬುಟ್ಟಿಗೆ. ಬುಟ್ಟಿಂದ ವಾಪಸ್ ಬೇಕಾದ್ರ ಅವತ್ತಿನ ಮುಸುರಿ ಅವರೇ ತಿಕ್ಕಬೇಕು. ಅಡಗಿ ನಡದಾಗ ಅಡಗಿ ಸಾಮಾನಿಗೆ ಮಾಫಿ. ಆ ಡಬರಿ ಮಾತ್ರ ದೊಡ್ಡವ್ರ ಸಂಗತಿ, ನಾ ಅದರಾಗ ಬರಂಗಿಲ್ಲ.”

“ನನ್ನ ಚಂಚಿಗೂ ಕಾನೂನೇನು?” ಅಂದ ಅಯ್ಯಣ್ಣ.

“ಚಂಚಿಗೇ ಮೊದಲು, ಮುತ್ಯಾ.”

ಮೊದಲ ಸಂಜೆಯೇ ಚಂಚಿ ಬುಟ್ಟಿಗೆ ಬಿತ್ತು. ಎಲೆ ಇಲ್ಲದೆ ಒಂದು ತಾಸು ತಡೆದ ಅಯ್ಯಣ್ಣ ಕೊನೆಗೆ ಧೋತರ ಮೇಲೆ ಕಟ್ಟಿ ನಲ್ಲಿಯ ಕೆಳಗೆ ಕುಳಿತ. ಹುಟ್ಟಿದಾಗಿನಿಂದ ಒಂದು ಗಂಗಾಳ ತೊಳೆಯದ ಮನುಷ್ಯ. ಪ್ರತಿಯೊಂದು ತಾಟನ್ನೂ ಎತ್ತಿನ ಮೈ ತಿಕ್ಕಿದ ಹಾಗೆ ತಿಕ್ಕಿದ. ಪಕ್ಕದ ಮನೆಯ ಖುರ್ಷೀದಬೇಗಂ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, “ಅಯ್ಯಣ್ಣ ಮಾಮಾ, ನಮ್ಮನಿವೂ ನಾಲ್ಕು ಅವರಿ, ಕಳಸ್ಲೇನು?” ಅಂದಳು. “ಎಲಿ ಅಡಿಕಿ ಕೊಟ್ರ ಕಳಸವ್ವ” ಅಂದ ಅವನು.

ಮುಂದಿನ ವಾರದಲ್ಲಿ ರಾಮಲಿಂಗ ಎರಡು ಸಲ ಮುಸುರೆ ತಿಕ್ಕಿದ. ಹೆಲ್ಮೆಟ್ಟಿಗೆ ಪಡಸಾಲೆಯಲ್ಲಿ ಒಂದು ಮೊಳೆ ಹೊಡೆದ. ಭುವನೇಶ್ವರಿಯ ನೋಟಬುಕ್ಕು ಮಲಗುವ ಕೋಣೆಗೆ ಹೋದವು. ಅನುರಾಧಾಳ ಚಾರ್ಜರೂ ಬುಟ್ಟಿಗೆ ಬಿತ್ತು. ತನ್ನ ಕಾನೂನಿಗೆ ತಾನೇ ಸಿಕ್ಕು ಅವಳೂ ತಿಕ್ಕಿದಳು. ಮಲ್ಲಾಬಾಯಿ ಕುರ್ಚಿಯ ಮೇಲೆ ಕುಳಿತು ನೋಡಿ ಸಂತೋಷಪಟ್ಟಳು.

ಒಂದು ಸಂಜೆ ಅನುರಾಧಾ ಬುಟ್ಟಿ ಎತ್ತಿಕೊಂಡು ಗೋಡೆಯ ಬದಿಯ ಬಾಟಲಿಗಳ ಹತ್ತಿರ ಬಂದಳು. “ಇವು ಯಾರವು?”

ಎಲ್ಲರೂ ಮಲ್ಲಾಬಾಯಿಯ ಕಡೆಗೆ ನೋಡಿದರು.

“ಖಾಲಿ ಬಾಟಲಿಗೆ ಏನು ಕಾನೂನು?” ಅಂದಳು ಅವಳು. “ಉಪ್ಪಿನಕಾಯಿಗೆ ಬೇಕಾಗ್ತಾವ. ಯಾರಿಗರೇ ತುಪ್ಪ ಕೊಡಬೇಕಾದ್ರ ಬೇಕಾಗ್ತಾವ.”

“ಹತ್ತೊಂಬತ್ತು ಅವ ಆಯಿ. ನಮ್ಮ ಮನ್ಯಾಗ ಎಮ್ಮಿ ಇಲ್ಲ.”

ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಆಚೆಗೆ ತಿರುಗಿದಳು. ಕಟ್ಟೆಯ ಮೇಲೆ ಎಲ್ಲರಿಗಿಂತ ಹೆಚ್ಚು ಸಾಮಾನು ತನ್ನದೇ ಎಂದು ಮಲ್ಲಾಬಾಯಿಗೆ ಅವತ್ತು ತಿಳಿಯಿತು. ಅವಳು ಎರಡು ಬಾಟಲಿ ಉಳಿಸಿಕೊಂಡು ಉಳಿದವನ್ನು ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಕೊಡಲು ಒಪ್ಪಿದಳು. ಆ ಸಂಜೆಯ ಮುಸುರೆ ಅವಳೇ ನಿಂತು ತೊಳೆದಳು. ಭುವನೇಶ್ವರಿ ಬಂದು ಪಕ್ಕಕ್ಕೆ ನಿಂತು ತೊಳೆದದ್ದನ್ನು ಒರೆಸಿ ಇಟ್ಟಳು. “ಉಪ್ಪು ಎಲ್ಲಿ ಇಟ್ಟೀ?” ಎಂದು ಮಲ್ಲಾಬಾಯಿ ನೇರವಾಗಿ ಸೊಸೆಯನ್ನೇ ಕೇಳಿದಳು.

ಆದರೂ ಬಲಗಡೆಯ ಗೋಪುರ ಹಾಗೇ ಇತ್ತು. ಎಡಗಡೆ ಗ್ಯಾಸು, ಮಧ್ಯದಲ್ಲಿ ಮಿಕ್ಸರು, ಫಿಲ್ಟರು. ಎಲ್ಲಾ ತೆಗೆದ ಮೇಲೂ ಉಳಿದದ್ದು ಒಂದೇ ಮೊಳ ಜಾಗ. ರೊಟ್ಟಿ ತಿರುಗುತ್ತ ಬೆಳೆಯಬೇಕಾದರೆ ಎರಡು ಮೊಳವಾದರೂ ಬೇಕು. ಮಲ್ಲಾಬಾಯಿ ಗೋಪುರದ ಮುಂದೆ ದಿನಕ್ಕೆ ನಾಲ್ಕು ಸಲ ನಿಲ್ಲುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಅದು ಸೊಸೆಯ ತವರಿನ ಸಾಮಾನು. ಗೃಹಪ್ರವೇಶದ ದಿನ ಅವಳ ಅಣ್ಣ ಆಯೇರಿಯಾಗಿ ಕೊಟ್ಟದ್ದು. ಸೈದಾಪುರದವರು ಬಂದಾಗ ಕಟ್ಟೆಯ ಮೇಲೆ ಕಾಣದಿದ್ದರೆ, ನಮ್ಮ ಸಾಮಾನು ಮೂಲೆಗೆ ಒಗೆದರು ಅಂತ ಬೀಗರಿಗೆ ಅನಿಸುತ್ತದೆ. ಸೊಸೆ ವಾರಕ್ಕೊಮ್ಮೆ ಆ ಬಟ್ಟೆ ತೆಗೆದು ಮೇಲೆ ಮೇಲೆ ಒರೆಸಿ ಮತ್ತೆ ಹೊದಿಸುವುದನ್ನು ಅವಳು ಮೂರು ವರ್ಷದಿಂದ ನೋಡುತ್ತ ಬಂದಿದ್ದಳು. ಅಷ್ಟು ಜೀವ ಅದರ ಮೇಲೆ. ಹೇಗೆ ತೆಗೆ ಅನ್ನುವುದು?

ಐತವಾರಕ್ಕೆ ಮೂರು ದಿನ ಉಳಿದಾಗ ತಡೆಯಲಾರದೆ ಆ ಒಂದು ಮೊಳದಲ್ಲೇ ಹಿಟ್ಟು ನಾದಿ ನಿಂತಳು. ಎರಡು ಏಟು ಬಿದ್ದವು. ಮೂರನೆಯದಕ್ಕೆ ಮೊಣಕೈ ಗೋಪುರಕ್ಕೆ ಬಡಿದು ಮೇಲಿನ ಮುಚ್ಚಳಗಳೆಲ್ಲ ಜಾರಿ ನೆಲಕ್ಕೆ ಬಿದ್ದವು. ಆ ಸಪ್ಪಳಕ್ಕೆ ಭುವನೇಶ್ವರಿ ಓಡಿ ಬಂದಳು.

“ಏನಾತ್ರಿ ಅತ್ತಿ? ಕಾಲಿಗೆ ಬಿತ್ತೇನು?”

“ಬಿದ್ರ ಛಲೋ ಇತ್ತು” ಅಂದಳು ಮಲ್ಲಾಬಾಯಿ. ಇಷ್ಟು ದಿನ ತಡೆದದ್ದು ಹೊರಗೆ ಬಂತು. “ನಿನ್ನ ತವರಮನಿ ಸಾಮಾನಿಗೆ ಸಿಂಹಾಸನ ಅದ ಈ ಮನ್ಯಾಗ. ನನ್ನ ರೊಟ್ಟಿಗೆ ಜಾಗ ಇಲ್ಲ. ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತೀನಿ, ನಿನಗ ಬ್ಯಾಸರ ಆಗಬಾರದಂತ.”

ಭುವನೇಶ್ವರಿ ಮುಚ್ಚಳ ಆರಿಸುವವಳು ಹಾಗೇ ಬಗ್ಗಿ ನಿಂತಳು. “ನನ್ನ ತವರಮನೀದಾ? ಯಾರಂದ್ರು?”

“ನಿಮ್ಮಣ್ಣ ಕೊಟ್ಟಿದ್ದಲ್ಲೇನು?”

“ನಮ್ಮಣ್ಣ ಕೊಟ್ಟಿದ್ದು ಫ್ಯಾನ್ರಿ. ಪಡಸಾಲ್ಯಾಗ ಅದರ ಕೆಳಗೇ ಮಲಗ್ತೀರಲ್ಲ ನೀವು. ಇವು ನಿಮ್ಮ ತವರಿನವು. ಹುಣಸಗಿ ಮಾವ ಹೊತ್ತುಕೊಂಡು ಬಂದಿದ್ದು ನಾ ನೋಡೀನಿ.”

“ನಮ್ಮ ತಮ್ಮ ಕೊಟ್ಟಿದ್ದು ಗೋಡಿ ಗಡಿಯಾರ. ಅವ ಹೊರಗಿಂದ ಒಳಗ ಸಾಗಿಸಿದ್ದು ನೋಡಿರಬೇಕು ನೀ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ನಿಮಗ ಬ್ಯಾಸರ ಆಗ್ತದಂತ ನಾ ವಾರಕ್ಕೊಮ್ಮೆ ಧೂಳ ಒರಸಾಕತ್ತೀನಲ್ಲರಿ” ಅಂದಳು ಭುವನೇಶ್ವರಿ. “ಆ ಕಸೂತಿ ಬಟ್ಟಿ ಕೂಡ ನಾನೇ ಹಾಕೀನಿ, ನಿಮ್ಮ ತವರಿಗೆ ಮರ್ಯಾದಿ ಇರಲಿ ಅಂತ.”

ಅಷ್ಟರಲ್ಲಿ ಸಪ್ಪಳ ಕೇಳಿ ಖುರ್ಷೀದಬೇಗಂ ಬಂದು ಬಾಗಿಲಲ್ಲಿ ನಿಂತಿದ್ದಳು. ಅನುರಾಧಾಳೂ ಬಂದಳು. ಅವಳು ಬೋಗೋಣಿಗಳನ್ನು ಒಂದೊಂದೇ ಹೊರಗೆ ತೆಗೆದು, ತಿರುವಿ ಹಾಕಿ, ತಳಕ್ಕೆ ಕೊರೆಸಿದ ಹೆಸರು ಓದಿದಳು. ಒಂದು ಮಿಲ್ಲಿನ ಹಮಾಲರು ಸೇರಿ ಕೊಟ್ಟದ್ದು. ಒಂದು ಅಯ್ಯಣ್ಣನ ಹೊಲದ ನೆರೆಯ ತಿಮ್ಮಣ್ಣನದು. ಉಳಿದವು ಭುವನೇಶ್ವರಿಯ ಸಾಲೆಯ ಸಿಬ್ಬಂದಿಯವು. ಸೈದಾಪುರದ್ದೂ ಇಲ್ಲ, ಹುಣಸಗಿಯದೂ ಇಲ್ಲ. ಕೊನೆಗೆ ಡಬರಿಯನ್ನೇ ವಾಲಿಸಿ ನೋಡಿದಳು.

“ಮೆಹಬೂಬ ಅಂತ ಅದ” ಅಂದಳು. “ಯಾರು ಮೆಹಬೂಬ?”

“ನಮ್ಮನಿಯವ್ರು” ಅಂದಳು ಬಾಗಿಲಲ್ಲಿ ನಿಂತ ಖುರ್ಷೀದಬೇಗಂ, ಮೆಲ್ಲಗೆ.

ಮಲ್ಲಾಬಾಯಿ ಕುರ್ಚಿ ಹುಡುಕಿಕೊಂಡು ಕುಳಿತಳು. ಎಲ್ಲಾ ನೆನಪಿಡುವ ಅವಳಿಗೆ ಈಗ ಅದೂ ನೆನಪಾಯಿತು. ಗೃಹಪ್ರವೇಶದ ಊಟಕ್ಕೆ ಸಾರಿನ ಪಾತ್ರೆ ಸಾಲದೆ ಅಯ್ಯಣ್ಣ ಕಾಂಪೌಂಡು ದಾಟಿಸಿ ತಂದಿದ್ದ.

“ಇಷ್ಟು ದಿನ ಯಾಕ ಕೇಳಲಿಲ್ಲ ಖುರ್ಷೀದ?”

“ಹೆಂಗ ಕೇಳ್ಲಿ ಅಕ್ಕಾ? ಬಂದಾಗೊಮ್ಮೆ ನೋಡ್ತೀನಿ, ಹೂವಿನ ಬಟ್ಟಿ ಹೊಚ್ಚಿ ದೇವರಂಗ ಇಟ್ಟೀರಿ. ಅಷ್ಟು ಇಷ್ಟ ಆಗೇದ, ಇರ್ಲಿ ಬಿಡು ಅಂದ್ರು ನಮ್ಮನಿಯವ್ರು. ಈದ್ ಹಬ್ಬದ ಸುರಕುಂಬಾ ಪಾಯಸಕ್ಕ ನಮ್ಮ ಅಕ್ಕನ ಮನಿಂದ ಪಾತ್ರಿ ತರ್ತೀನಿ.”

“ಮೂರು ವರ್ಷ ಆ ಸುರಕುಂಬಾ ನಾವು ಕುಡದೀವಿ” ಅಂದಳು ಅನುರಾಧಾ.

ಮೊದಲು ನಕ್ಕದ್ದು ಯಾರು ಎಂದು ಆಮೇಲೆ ಯಾರಿಗೂ ಹೇಳಲು ಬರಲಿಲ್ಲ. ಮಲ್ಲಾಬಾಯಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಯ್ಯಣ್ಣ ಡಬರಿಯನ್ನು ತಲೆಯ ಮೇಲೆ ಹೊತ್ತು ಪಕ್ಕದ ಮನೆಗೆ ಮುಟ್ಟಿಸಿ ಬಂದ. ಖಾಲಿ ಕಳಿಸಬಾರದೆಂದು ಭುವನೇಶ್ವರಿ ಅದರಲ್ಲಿ ಒಂದು ಸೇರು ಹೊಸ ತೊಗರಿಬೇಳೆ ಹಾಕಿದ್ದಳು. ಬೋಗೋಣಿಗಳು ಅಟ್ಟ ಏರಿದವು.

ಕಟ್ಟೆ ಬಯಲಾಯಿತು. ಮಲ್ಲಾಬಾಯಿ ಮರುದಿನ ಬೆಳಗ್ಗೆ ಸೆರಗು ಸಿಕ್ಕಿಸಿ, ಎಸರು ಇಟ್ಟು, ಬಿಸಿನೀರಿಗೆ ಹಿಟ್ಟು ಹಾಕಿ ನಾದಿ ಮುಂದೆ ನಿಂತಳು. ಮೊದಲ ರೊಟ್ಟಿ ಅಂಗೈ ಅಗಲ ಆಗುವಷ್ಟರಲ್ಲಿ ಹರಿಯಿತು. ಎರಡನೆಯದು ಒಂದು ಕಡೆ ದಪ್ಪ, ಒಂದು ಕಡೆ ಹಾಳೆ. ಐದನೆಯದಕ್ಕೆ ಭುಜ ಹಿಡಿಯಿತು. ಕುಳಿತು ಬಡಿಯುವವಳಿಗೆ ಹಿಟ್ಟು ಕೈ ಕೆಳಗೆ ಇರುತ್ತದೆ, ಮೈಯ ಭಾರ ತಾನೇ ಇಳಿಯುತ್ತದೆ. ಈ ಕಟ್ಟೆ ಅವಳ ಎದೆಯ ತನಕ ಬರುತ್ತಿತ್ತು. ಕೈ ಎತ್ತಿ ಎತ್ತಿ ಬಡಿದರೆ ಅದು ರೊಟ್ಟಿ ಬಡಿದಂತೆ ಆಗುತ್ತಿರಲಿಲ್ಲ, ಬಾಗಿಲು ಬಡಿದಂತೆ ಆಗುತ್ತಿತ್ತು.

ಹರಿದ ರೊಟ್ಟಿಗಳನ್ನು ಅವಳು ಯಾರಿಗೂ ಹೇಳದೆ ಮುರಿದು ಓಣಿಯ ಆಕಳಿಗೆ ಹಾಕಿದಳು. ಆದರೆ ಅಯ್ಯಣ್ಣ ನೋಡಿದ್ದ.

“ಇಷ್ಟು ಮಂದಿ ಕೈಲಿ ಮುಸುರಿ ತಿಕ್ಕಿಸಿ ಈಗ ಹಿಂದ ಸರೀತಿ?” ಅಂದ.

“ಕಟ್ಟಿ ಎತ್ತರ ಅದ. ಅದನ್ನ ಒಡಸ್ತೀರೇನು?”

“ಕಟ್ಟಿ ಯಾಕ ಇಳಸಬೇಕು? ನೀ ಏರು.”

ಅವನು ಹಿತ್ತಲಿಗೆ ಹೋಗಿ, ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದಿ ಪರಸಿಗಲ್ಲಿನ ಒಂದು ತುಂಡನ್ನು ಉರುಳಿಸಿಕೊಂಡು ಬಂದ. ಕಟ್ಟೆಯ ಮುಂದೆ ನೆಲಕ್ಕೆ ಎಂಟು ಇಟ್ಟಂಗಿಯನ್ನು ಮಟ್ಟಸವಾಗಿ ಜೋಡಿಸಿ, ಅದರ ಮೇಲೆ ಪರಸಿ ಹಾಸಿ, ಅಲುಗದಂತೆ ಸಂದಿಗೆ ಸಿಮೆಂಟು ತುಂಬಿದ. ಒಂದು ದಿನ ಒಣಗಲು ಬಿಟ್ಟ. ಶನಿವಾರ ಸಂಜೆ ಹೆಂಡತಿಯ ರಟ್ಟೆ ಹಿಡಿದು ಅದರ ಮೇಲೆ ಹತ್ತಿಸಿದ. ಅವಳು ಹತ್ತಿ ನಿಂತಳು. ಕಟ್ಟೆ ಸೊಂಟಕ್ಕೆ ಬಂತು.

“ಈಗ ನನಗಿಂತ ಎತ್ತರ ಕಾಣ್ತಿ” ಅಂದ ಅಯ್ಯಣ್ಣ.

“ಮೊದಲೂ ಇದ್ದೆ” ಅಂದಳು.

ಐತವಾರ ಹತ್ತು ಗಂಟೆಗೆ ಸಾಯಬಮ್ಮನ ಫೋನು ಬಂತು. ರಾಮಲಿಂಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ಫೋನು ಎತ್ತಿದ. ಒಳಗೆ ಅವನ ಅವ್ವ ಪರಸಿಯ ಮೇಲೆ ನಿಂತು ಆರನೆಯ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ಬೀಳುವುದು, ರೊಟ್ಟಿ ತಿರುಗುವುದು, ಬಳೆ ಸರಿಯುವುದು, ಮೂರೂ ಒಂದೇ ಲಯಕ್ಕೆ ಬಂದಿದ್ದವು.

“ಅಣ್ಣಾ, ಎರಡು ನೂರು ಅಂದಿದ್ರಿ. ಬರಕೊಳ್ಳೇನು?” ಅಂದಳು ಸಾಯಬಮ್ಮ.

ರಾಮಲಿಂಗ ರೊಟ್ಟಿ ಎಣಿಸುತ್ತ ನಿಂತಿದ್ದ.

“ಅದೇನು ಸಪ್ಪಳ? ರೊಟ್ಟಿ ಬಡ್ಯಾಕತ್ತಾರೇನು?”

“ಹೌದು. ನಮ್ಮವ್ವ.”

ಸಾಯಬಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವವಳು. “ನಿಂತು ಬಡ್ಯಾಕತ್ತಾಳ” ಅಂದಳು. “ಕಲ್ಲಿನ ಮ್ಯಾಲಿನ ಏಟು ಇದು, ನೆಲದ್ದಲ್ಲ. ಎಷ್ಟು ವಯಸ್ಸಾತು ಆಕಿಗೆ?”

“ಅರವತ್ತೆಂಟು.”

“ನಾ ಬರಕೊಳ್ಳಂಗಿಲ್ಲ ಬಿಡ್ರಿ” ಅಂದು ಸಾಯಬಮ್ಮ ಫೋನು ಇಟ್ಟಳು.

ಹತ್ತನೆಯ ರೊಟ್ಟಿ ತವೆಯ ಮೇಲೆ ಉಬ್ಬಿತು. ಮಲ್ಲಾಬಾಯಿ ಅದನ್ನು ಎತ್ತಿ ಮಗನ ಕೈಗೆ ಕೊಟ್ಟಳು. ಅವನು ಬಿಸಿ ತಾಳದೆ ಕೈಯಿಂದ ಕೈಗೆ ಹಾರಿಸುತ್ತ, “ಆತು ಯವ್ವಾ, ಗೆದ್ದಿ” ಅಂದ.

“ಗೆದ್ದಿಲ್ಲ ಇನ್ನ. ನೂರಾ ತೊಂಬತ್ತು ಬಾಕಿ ಅವ” ಅಂದಳು. ಹಣೆಯ ಬೆವರು ಮೊಣಕೈಯಿಂದ ಒರೆಸಿಕೊಂಡು, ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆಯ ಕಡೆಗೆ ತಿರುಗಿದಳು. “ಕಟ್ಟಿ ಮ್ಯಾಲ ಇನ್ನೂ ಎರಡು ಮೊಳ ಜಾಗ ಅದ. ಬಾ, ನಿಂದ್ರು. ಲಟ್ಟಣಿಗಿ ಅಲ್ಲೇ ಇಡು.”

ಆ ವಾರವೆಲ್ಲ ಸಂಜೆ ಸಾಲೆಯಿಂದ ಬಂದು ಭುವನೇಶ್ವರಿ ಅತ್ತೆಯ ಪಕ್ಕಕ್ಕೆ ನಿಂತಳು. ಮೊದಲ ದಿನದ ಅವಳ ರೊಟ್ಟಿಗಳು ಯಾವ ಯಾವ ದೇಶದ ನಕಾಶೆ ಎಂದು ಅನುರಾಧಾ ಗುರುತು ಹಿಡಿದಳು. “ಒತ್ತಬ್ಯಾಡ, ಬಡಿ” ಅನ್ನುತ್ತಿದ್ದಳು ಮಲ್ಲಾಬಾಯಿ. “ಹುಡುಗ್ರಿಗೆ ಬಡದಂಗ ಅಲ್ಲ. ಹಸುಗೂಸಿನ ಬೆನ್ನಿಗೆ ಬಡೀತಿಯಲ್ಲ, ಹಂಗ.” “ನಮ್ಮ ಸಾಲ್ಯಾಗ ಹುಡುಗ್ರಿಗೆ ಬಡಿಯಂಗಿಲ್ಲರಿ” ಅನ್ನುತ್ತಿದ್ದಳು ಭುವನೇಶ್ವರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳು ಬಿದಿರು ತಟ್ಟೆಯಲ್ಲಿ ಒಣಗಿ ಗಟ್ಟಿಯಾಗುತ್ತ ಹೋದವು.

ಅಮಾವಾಸ್ಯೆಯ ದಿನ ದೇವಾಪುರದ ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಚರಗ ಚೆಲ್ಲಿ ಬಂದ ಅಯ್ಯಣ್ಣ ಬನ್ನಿಗಿಡದ ನೆರಳಲ್ಲಿ ಕುಳಿತ. ಸೈದಾಪುರದವರು, ಹುಣಸಗಿಯವರು, ಖುರ್ಷೀದಬೇಗಂ, ಅವಳ ಗಂಡ ಮೆಹಬೂಬ, ಎಲ್ಲರೂ ಸಾಲಾಗಿ ಕುಳಿತರು. ಮಲ್ಲಾಬಾಯಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ಅದರ ಮೇಲೆ ಕುಳಿತು ಅವಳೇ ರೊಟ್ಟಿ ಹಂಚಿದಳು. ಭುವನೇಶ್ವರಿ ಹಿಂದಿನಿಂದ ಕಾಳು ಸೊಪ್ಪಿನ ಭಜ್ಜಿ ಪಲ್ಯ ಬಡಿಸಿದಳು.

“ಮಲ್ಲಕ್ಕಾ, ಇದು ಬ್ಯಾರೆ ಕೈ” ಅಂದ ಮೆಹಬೂಬ, ಒಂದು ರೊಟ್ಟಿಯನ್ನು ಮೇಲಕ್ಕೆ ಹಿಡಿದು. ಅಂಚು ದಪ್ಪ, ನಡುವೆ ತೆಳು, ಒಂದು ಕಡೆ ಮೂಲೆ ಬೇರೆ.

ಭುವನೇಶ್ವರಿ ಭಜ್ಜಿಯ ಸೌಟು ಹಿಡಿದು ನಿಂತಳು. ಅವಳ ಅಣ್ಣನೂ ಕೇಳಿಸಿಕೊಳ್ಳುತ್ತಿದ್ದ.

“ಬ್ಯಾರೆ ಯಾಕ ಆಗ್ತದ?” ಅಂದಳು ಮಲ್ಲಾಬಾಯಿ. “ನಮ್ಮ ಮನಿ ಕೈನೇ ಅದು. ಎಂಟು ದಿನದ್ದು. ಹಲ್ಲು ಗಟ್ಟಿ ಇದ್ದವ್ರಿಗಂತ ಬ್ಯಾರೆ ಮಾಡಿಸೀನಿ. ನಿನಗ ಆಗಂಗಿಲ್ಲಂದ್ರ ಇತ್ಲಾಗ ಕೊಡು.”

ಮೆಹಬೂಬ ರೊಟ್ಟಿ ಕೊಡಲಿಲ್ಲ. ಕಟಕ್ಕನೆ ಮುರಿದು ಭಜ್ಜಿಗೆ ಹಚ್ಚಿ ಬಾಯಿಗಿಟ್ಟ. ಆ ಮೇಲೆ ಗಂಡಸರೆಲ್ಲ ತಮ್ಮ ಹಲ್ಲಿನ ಮರ್ಯಾದೆಗೆ ದಪ್ಪ ರೊಟ್ಟಿಯನ್ನೇ ಕೇಳಿ ಕೇಳಿ ಹಾಕಿಸಿಕೊಂಡರು. ಅವು ಮೊದಲು ಮುಗಿದುಹೋದವು.